ಚಿಕ್ಕಪ್ಪನ ಮೈಮೇಲಿನ ಲೇಔಟುಗಳು

ಇಡೀ ಕಂಟೋನ್ಮೆಂಟನ್ನು ಮೈಮೇಲೆ ಹೊತ್ತು ತಿರುಗಿದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಚಿಕ್ಕಪ್ಪ. ನಂಬುವುದಿಲ್ಲವೇ? ಎಡಗೈ ಮೇಲೆ ಹಲಸೂರು ಕೆರೆ, ಗದ್ದದ ಮೇಲೆ ಪರೇಡ್ ಮೈದಾನ, ಬಲಗಾಲಿನ ಮೇಲೆ ಇಂದಿರಾನಗರ!

ವಿಷಯ ಇಷ್ಟೆ. ಎಪ್ಪತ್ತರ ದಶಕದ ಶುರುವಿನಲ್ಲಿ, ಇನ್ನೂ ಇಪ್ಪತ್ನಾಲ್ಕರ ಪ್ರಾಯದಲ್ಲೇ, ಅವನ ಮೈಕೂದಲು ಅಲ್ಲಲ್ಲಿ ಗುಂಡಗೆ ಉದುರತೊಡಗಿತು. ತಲೆಯಲ್ಲಲ್ಲ, ತಲೆ ದಟ್ಟ ಕಾಡು. ನೋವಿಲ್ಲ, ತುರಿಕೆಯಿಲ್ಲ, ಉದುರಿದ ಕಡೆ ಚರ್ಮ ಎಳೆಮಗುವಿನ ಕೆನ್ನೆಯಷ್ಟು ಸ್ಮೂತ್. ಬೇರೆಯವರಾದರೆ ಮುಚ್ಚಿಕೊಳ್ಳುತ್ತಿದ್ದರು. ಇವನು ಬೆನ್ಸನ್ ಟೌನಿನ ನಮ್ಮ ಮನೆಯ ವರಾಂಡದಲ್ಲಿ ಪ್ಯಾಂಟು ಮಡಚಿ ಕುಳಿತು, ಒಂದೊಂದು ಬೋಳಿಗೂ ಒಂದೊಂದು ಜಾಗದ ಹೆಸರಿಟ್ಟು ನಮಗೆಲ್ಲ ಗೈಡೆಡ್ ಟೂರ್ ಕೊಡುತ್ತಿದ್ದ. ಇಂದಿರಾನಗರದಲ್ಲಿ ಆಗಷ್ಟೇ ಗಿಡಗಂಟಿ ಕಡಿದು ಸೈಟು ಹಂಚುತ್ತಿದ್ದರು. "ಬೋಳು ಮಾಡಿ ಆಗಿದೆ, ಇನ್ನು ಮನೆ ಕಟ್ಟೋರು ಬರ್ಬೇಕಷ್ಟೆ" ಎಂದು ಮೊಣಕಾಲ ಕೆಳಗೆ ಬೆರಳಿಡುತ್ತಿದ್ದ.

ಅಜ್ಜಿಯ ಪ್ರಕಾರ ಅದು ಹುಳ ತಿಂದದ್ದು. ಮದ್ದು? ಸಾಂಬಾರ್ ಈರುಳ್ಳಿ ಜಜ್ಜಿ ಉಜ್ಜುವುದು, ಬೆಳಿಗ್ಗೆ ಸಂಜೆ. ಒಂದು ದಿನ ಪಕ್ಕದ ಮನೆಯಾಕೆ ಬಂದು ಮೂಗರಳಿಸಿ, ಇವತ್ತು ಈರುಳ್ಳಿ ಹುಳಿಯೇ ಎಂದು ಕೇಳಿದರು.

"ಅಲ್ಲಮ್ಮ, ನನ್ನ ಮಗ" ಎಂದರು ಅಜ್ಜಿ.

ಒಂದು ಭಾನುವಾರ ವಾರದ ಗಡ್ಡ ತೆಗೆಸಲು ಶಿವಾಜಿನಗರಕ್ಕೆ ಹೋದವನು ಅರ್ಧ ಗಡ್ಡದಲ್ಲೇ ವಾಪಸು ಬಂದ. ಪರೇಡ್ ಮೈದಾನ ಕಣ್ಣಿಗೆ ಬಿದ್ದದ್ದೇ ಕ್ಷೌರಿಕ ಕತ್ತಿ ಕೆಳಗಿಟ್ಟು, ಎದ್ದೇಳಿ ಸಾರ್, ಬೇರೆ ಗಿರಾಕಿಗಳಿಗೆ ಅಂಟುತ್ತೆ ಎಂದನಂತೆ. ಆ ದೃಶ್ಯವನ್ನು ಚಿಕ್ಕಪ್ಪ ಎರಡೂ ಪಾತ್ರ ತಾನೇ ಆಗಿ ಅಭಿನಯಿಸಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಂದಿನಿಂದ ಕ್ಷೌರ ಮನೆಯಲ್ಲೇ. ಜೊತೆಗೆ ಇನ್ನೊಂದು ಹುಚ್ಚು ಹತ್ತಿತು: ಹೊರಗೆ ಹೋಗುವಾಗ, ಏಪ್ರಿಲ್ ಬಿಸಿಲಿನಲ್ಲೂ, ಮಣಿಕಟ್ಟಿನ ತನಕ ಗುಂಡಿ ಬಿಗಿದ ತುಂಬುತೋಳಿನ ಶರ್ಟು. ಯಾಕೆಂದರೆ, "ಡಿಗ್ನಿಟಿ, ಮೈ ಡಿಯರ್!" ನಾನು ಕಾನ್ವೆಂಟಿನಲ್ಲಿ ಓದಿದ ಜಾಣೆ, ನಂಬಿಬಿಟ್ಟೆ.

ಮರುವರ್ಷ ನನ್ನ ಎಡಹುಬ್ಬಿನ ಅರ್ಧ ಮಾಯವಾಯಿತು. ನನಗೆ ಹದಿನೆಂಟು. ಆ ಶುಕ್ರವಾರ ಕಾಲೇಜಿನಲ್ಲಿ ಎಲೊಕ್ಯೂಷನ್ ಸ್ಪರ್ಧೆ, ಇಡೀ ಹಾಲ್ ನನ್ನ ಮುಖವನ್ನೇ ನೋಡುವ ದಿನ. ಸೋದರತ್ತೆ ಬಂದು, ಅವನ ಟವೆಲ್ ಮುಟ್ಟಬೇಡ ಅಂತ ನಾನು ಆಗಲೇ ಹೇಳಿರಲಿಲ್ಲವೇ ಎಂದು ಎಲ್ಲರೆದುರು ರಾಗ ಎಳೆದರು. ಚಿಕ್ಕಪ್ಪ ಒಂದು ಜೋಕೂ ಹೇಳಲಿಲ್ಲ. ಮರುದಿನ ನನ್ನನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದ.

ಹುಳವೂ ಅಲ್ಲ, ಅಂಟುವುದೂ ಇಲ್ಲ ಎಂದರು ಡಾಕ್ಟರು. ಎಳೆ ಪ್ರಾಯದವರಿಗೇ ಹೆಚ್ಚಾಗಿ ಶುರುವಾಗುತ್ತದಂತೆ. ಕಾವಲು ಸಿಪಾಯಿ ತನ್ನವರನ್ನೇ ಶತ್ರು ಅಂದುಕೊಂಡು ಗುಂಡು ಹಾರಿಸಿದ ಹಾಗೆ, ಮೈಯೇ ಕೂದಲ ಬುಡದ ಮೇಲೆ ಎರಗುತ್ತದೆ ಎಂದು ಈಗಿನವರು ಊಹಿಸುತ್ತಾರಂತೆ. ಬೇರು ಸತ್ತಿಲ್ಲ, ತಾನಾಗಿ ಬರಬಹುದು, ಬರುತ್ತದೆಂದು ಮಾತು ಕೊಡಲಾರೆ ಎಂದರು.

ಚಿಕ್ಕಪ್ಪ ಕೇಳಿದ್ದು ಒಂದೇ. "ನನ್ನಿಂದ ಬಂತಾ ಇವಳಿಗೆ?"

"ನಿಮ್ಮ ಟವೆಲ್ಲಿಂದಂತೂ ಬಂದಿಲ್ಲ. ಕೆಲವು ಮನೆತನಗಳಲ್ಲಿ ಇರುತ್ತೆ ಕಣ್ರೀ, ಮೂಗಿನ ಹಾಗೆ."

ಹೊರಗೆ ಬಂದು ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ಹಾಗಾದ್ರೆ ಮೊದ್ಲು ಆ ಮೂಗಿಗೆ ಸಾರಿ ಕೇಳ್ಬೇಕು ನಾನು."

ನಗು ಬಂತು, ಧೈರ್ಯ ಬರಲಿಲ್ಲ. ಶುಕ್ರವಾರ ಕಾಲೇಜಿಗೆ ಹೋಗುವುದೇ ಇಲ್ಲ ಎಂದು ಕುಳಿತೆ. ಚಿಕ್ಕಪ್ಪ ಕಾರ್ಖಾನೆಗೆ ರಜೆ ಹಾಕಿ ಬಂದು, ಬಸ್‌ಸ್ಟಾಪಿನ ತನಕ ಬಾ, ಬೇಡವೆನಿಸಿದರೆ ವಾಪಸು ಬರೋಣ ಎಂದು ಎಬ್ಬಿಸಿದ. ಗೇಟು ದಾಟಿದ ಮೇಲೆ ನಿಂತು, ಮಣಿಕಟ್ಟಿನ ಗುಂಡಿ ಬಿಚ್ಚಿದ. ತೋಳನ್ನು ಒಂದೊಂದೇ ಮಡಿಕೆಯಾಗಿ ಮೊಣಕೈ ಮೇಲಕ್ಕೆ ಏರಿಸಿದ. ಬೀದಿಯ ಆಚೀಚೆ ಒಮ್ಮೆ ಕಣ್ಣಾಡಿಸಿದ. ವರಾಂಡದಲ್ಲಿ ಅಷ್ಟು ಕುಣಿದವನು ಬೀದಿಯಲ್ಲಿ ಏನನ್ನು ಮುಚ್ಚಿಟ್ಟುಕೊಂಡು ಓಡಾಡಿದ್ದ ಎಂದು ನನಗೆ ಆಗ ಹೊಳೆಯಿತು. ನಾವು ನಕ್ಕಿದ್ದ ಆ ಅರ್ಧ ಗಡ್ಡದ ಭಾನುವಾರವೂ ನೆನಪಾಯಿತು.

ಬಸ್ಸಿನಲ್ಲಿ ಪಕ್ಕದವರು ಅವನ ಕೈಯನ್ನೇ ದಿಟ್ಟಿಸಿದರು.

"ಹಲಸೂರು ಕೆರೆ ಸಾರ್. ಅಂಟಲ್ಲ" ಎಂದ ಚಿಕ್ಕಪ್ಪ.

ನಾನು ತಗ್ಗಿಸಿದ್ದ ತಲೆ ಎತ್ತಿದೆ. ಸ್ಪರ್ಧೆಯಲ್ಲಿ ಬಹುಮಾನವೇನೂ ಬರಲಿಲ್ಲ, ಆದರೆ ಹಾಲಿನ ಕೊನೆಯ ಸಾಲಿಗೂ ಕೇಳುವ ಹಾಗೆ ಮಾತಾಡಿದೆ.

ತಿಂಗಳುಗಳು ಕಳೆದ ಮೇಲೆ ಹುಬ್ಬಿನ ಬೋಳಿನಲ್ಲಿ ಒಂದೇ ಒಂದು ಕೂದಲು ಚಿಗುರಿತು, ಅಪ್ಪಟ ಬಿಳಿ! ನನಗೆ ಅಳು. ಚಿಕ್ಕಪ್ಪ ಭೂತಗನ್ನಡಿ ತಂದು ಪರೀಕ್ಷಿಸಿ, ಅಜ್ಜಿಯಿಂದ ಪಾಯಸ ಮಾಡಿಸಿದ. "ಲೇಔಟಿನ ಮೊದಲ ಮನೆ ಕಣೇ. ಸುಣ್ಣಾನೂ ಹೊಡೆದಾಗಿದೆ."

ಆಮೇಲೆ ಕಪ್ಪು ಕೂದಲೂ ತುಂಬಿಕೊಂಡಿತು. ಅವನ ಇಂದಿರಾನಗರ ಮಾತ್ರ ಕಡೆಯ ತನಕ ಖಾಲಿಯೇ ಉಳಿಯಿತು. ಈಗ ನನ್ನ ಎರಡೂ ಹುಬ್ಬು ಪೂರಾ ಬಿಳಿ. ಕನ್ನಡಿಯ ಮುಂದೆ ನಿಂತು ಹುಡುಕುತ್ತೇನೆ. ಮೊದಲ ಮನೆ ಯಾವುದೆಂದು ಬೆರಳಿಟ್ಟು ತೋರಿಸಲು ಅವನಿಲ್ಲ.