ಕುಡಿಯದ ಶಾಲೆಯ ಸುಧಾರಣೆ

ಪ್ರೌಢಶಾಲೆಯ ಮಕ್ಕಳು ಮದ್ಯಪಾನ ಮಾಡದಿರುವುದು ಆಡಳಿತದ ದೃಷ್ಟಿಯಿಂದ ಗಂಭೀರ ಲೋಪ ಎಂಬ ಸಂಗತಿ ಹೆಡ್‌ಮಿಸ್ಟ್ರೆಸ್ ಅವರಿಗೆ ತಿಳಿದದ್ದು ಒಂದು ಸೋಮವಾರ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ. ಅಲ್ಲಿಯವರೆಗೆ ಅವರು ಅದನ್ನು ಒಳ್ಳೆಯ ಗುಣವೆಂದೇ ತಿಳಿದಿದ್ದರು. ಪಾಪ, ಅವರ ಸೇವೆಯೆಲ್ಲ ಪಾಠ ಮಾಡುವುದರಲ್ಲೇ ಕಳೆದುಹೋಗಿತ್ತು. ಸುತ್ತೋಲೆಗಳನ್ನು ಕೂತು ಅರ್ಥಮಾಡಿಕೊಳ್ಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಅಂದು ಶಾಲೆಗೆ ದಯಮಾಡಿಸಿದವರು ವಿದ್ಯಾರ್ಥಿ ಮದ್ಯ ಮನೋಭಾವ ಸುಧಾರಣಾ ಅಭಿಯಾನದ ಅಧಿಕಾರಿಗಳು. ಅಭಿಯಾನದ ನಿಯಮಗಳು ಎಂಥವರಿಗೂ ಅರ್ಥವಾಗುವಂತಿದ್ದವು. ಮೊದಲ ಭೇಟಿಯಲ್ಲಿ ಮಕ್ಕಳ ಮನೋಭಾವವನ್ನು ಅಳೆಯತಕ್ಕದ್ದು. ನಂತರ ಉಪನ್ಯಾಸ ನೀಡತಕ್ಕದ್ದು. ಎರಡನೆಯ ಭೇಟಿಯಲ್ಲಿ ಮತ್ತೊಮ್ಮೆ ಅಳೆಯತಕ್ಕದ್ದು. ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನೇ ಸುಧಾರಣೆ ಎಂದು ಪರಿಗಣಿಸತಕ್ಕದ್ದು. ಸುಧಾರಣೆ ಕಂಡುಬಾರದ ಶಾಲೆಯನ್ನು ಮುಚ್ಚಿ, ಅಲ್ಲಿನ ಮಕ್ಕಳನ್ನು ಸಮೀಪದ ಸುಧಾರಿತ ಶಾಲೆಗೆ ಸೇರಿಸತಕ್ಕದ್ದು. ಅಳತೆಗೆ ಯಂತ್ರಗಿಂತ್ರ ಏನೂ ಬೇಕಿರಲಿಲ್ಲ. ಮಕ್ಕಳು ಕೈ ಎತ್ತಿದರೆ ಸಾಕಿತ್ತು.

ಅಧಿಕಾರಿಗಳು ಗಂಟಲು ಸರಿಮಾಡಿಕೊಂಡು, “ಕುಡಿತ ಒಳ್ಳೇದು ಅನ್ನೋರು ಕೈ ಎತ್ತಿ” ಎಂದರು.

ಮೈದಾನದಲ್ಲಿ ಒಂದು ಕೈಯೂ ಮೇಲೇಳಲಿಲ್ಲ.

“ಕೆಟ್ಟದ್ದು ಅನ್ನೋರು?”

ಇಡೀ ಶಾಲೆ ಕೈ ಎತ್ತಿತು. ಹಿಂದಿನ ಸಾಲಿನ ಕೆಲವು ಉತ್ಸಾಹಿಗಳು ಎರಡೂ ಕೈ ಎತ್ತಿದರು. ಪಿ.ಟಿ. ಮೇಷ್ಟ್ರು ಮಾತ್ರ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಆಕಾಶ ನೋಡುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಹೆಮ್ಮೆಯಿಂದ ಅಧಿಕಾರಿಗಳ ಕಡೆ ತಿರುಗಿದರೆ, ಅವರ ಮುಖ ಬಾಡಿಹೋಗಿತ್ತು.

“ಏನ್ ಮೇಡಂ ಇದು?” ಆಫೀಸು ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತ ಅಧಿಕಾರಿಗಳು ನೊಂದುಕೊಂಡರು. “ಎಲ್ಲಾ ಮೊದಲೇ ನೆಟ್ಟಗಿದ್ರೆ ನಾನು ಬಂದು ಏನು ನೆಟ್ಟಗೆ ಮಾಡ್ಲಿ?”

“ಮಕ್ಕಳು ಒಳ್ಳೆಯವ್ರು ಸಾರ್.”

“ಅದೇ ತೊಂದರೆ ಆಗಿರೋದು. ಹೆದ್ದಾರಿ ಆಚೆ ಇರೋ ಶಾಲೆ ನೋಡಿ, ಅರ್ಧಕ್ಕರ್ಧ ಮಕ್ಕಳು ಕೈ ಎತ್ತಿದ್ರು. ಅಲ್ಲಿನ ಹೆಡ್‌ಮಾಸ್ಟ್ರಿಗೆ ಎಂಥಾ ಮುಂದಾಲೋಚನೆ ಅಂತೀರಿ!”

ಹೆಡ್‌ಮಿಸ್ಟ್ರೆಸ್ ಕಿಟಕಿಯಾಚೆ ಹೆದ್ದಾರಿಯ ಕಡೆ ನೋಡಿದರು. ಈ ಶಾಲೆ ಮುಚ್ಚಿದರೆ ಮಕ್ಕಳು ಆ ಹೆದ್ದಾರಿ ದಾಟಬೇಕು. ಲಾರಿಗಳು ಯಮವೇಗದಲ್ಲಿ ಓಡಾಡುವ ರಸ್ತೆ ಅದು. ಗಂಡುಮಕ್ಕಳನ್ನಾದರೂ ಕಳಿಸುತ್ತಾರೇನೋ, ಹೆಣ್ಣುಮಕ್ಕಳನ್ನು ಮನೆಯಲ್ಲೇ ಕೂರಿಸಿಬಿಡುತ್ತಾರೆ. ಎಂಟನೇ ತರಗತಿಯ ಮೊದಲ ಬೆಂಚಿನಲ್ಲಿ ಕೂರುವ ಪುಟ್ಟ ಪುಟ್ಟ ಮುಖಗಳೆಲ್ಲ ಅವರ ಕಣ್ಣಮುಂದೆ ಬಂದವು.

ಅಧಿಕಾರಿಗಳದ್ದು ಮೂಲತಃ ಮರುಗುವ ಮನಸ್ಸು. “ಅಳುಮುಖ ಮಾಡ್ಬೇಡಿ. ಇವತ್ತಿನ ಭೇಟೀನ ತಾಲೀಮು ಅಂತ ಇಟ್ಕೊಳ್ಳೋಣ. ಮುಂದಿನ ಸೋಮವಾರ ನಿಜವಾದ ಮೊದಲನೇ ಭೇಟಿ. ಅಷ್ಟರೊಳಗೆ ಸ್ವಲ್ಪ ಹಾಳು ಮಾಡಿಡಿ. ಆಮೇಲೆ ಸರಿ ಮಾಡೋ ಜವಾಬ್ದಾರಿ ನನ್ನದು” ಎಂದು ಧೈರ್ಯ ಹೇಳಿ ಹೊರಟರು.

ಮಧ್ಯಾಹ್ನವೇ ಶಿಕ್ಷಕರ ಸಭೆ ಸೇರಿತು. ಮಕ್ಕಳನ್ನು ದಾರಿ ತಪ್ಪಿಸುವ ಕಾರ್ಯವನ್ನು ಸಮರೋಪಾದಿಯಲ್ಲಿ ಕೈಗೊಳ್ಳುವುದೆಂದು ತೀರ್ಮಾನವಾಯಿತು. ಡ್ರಾಯಿಂಗ್ ಟೀಚರ್ ಅಂದೇ ಕೂತು, ಬಾಟಲಿಯೊಂದಕ್ಕೆ ಕಣ್ಣು, ಮೂಗು, ಮಂದಹಾಸ ಎಲ್ಲ ಇಟ್ಟು ಸೊಗಸಾದ ಭಿತ್ತಿಚಿತ್ರ ಬರೆದು ವರಾಂಡದಲ್ಲಿ ತೂಗುಹಾಕಿದರು. ಅದು ಕೆಮ್ಮಿನ ಔಷಧಿಯ ಜಾಹೀರಾತೆಂದು ತಿಳಿದ ಮಕ್ಕಳು ಮೂಗು ಮುಚ್ಚಿಕೊಂಡು ಅದರ ಮುಂದೆ ಹಾದುಹೋದರು.

ಇನ್ನು ಉಪನ್ಯಾಸ. ಅದಕ್ಕೆ ವಿಷಯತಜ್ಞರು ಬೇಕಲ್ಲ? ಎಲ್ಲರೂ ಮರ್ಯಾದೆಯಿಂದ ಪಿ.ಟಿ. ಮೇಷ್ಟ್ರ ಮುಖ ನೋಡಿದರು. ಸಂಜೆಯ ವಿಸಿಲ್ ಊದಿದ ಮೇಲೆ ಮೇಷ್ಟ್ರು ಎಲ್ಲಿಗೆ ಹೋಗುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಇಷ್ಟು ವರ್ಷ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ಜನ ಈಗ ತಮ್ಮ ಅನುಭವಕ್ಕೆ ಬೆಲೆ ಕೊಟ್ಟದ್ದು ಕಂಡು ಮೇಷ್ಟ್ರು ಎದ್ದು ನಿಂತು ಒಪ್ಪಿಕೊಂಡರು.

ಮರುದಿನ ಹತ್ತನೇ ತರಗತಿಯಲ್ಲಿ ಅವರು ಎದೆಯುಬ್ಬಿಸಿ ನಿಂತು ಶುರುಮಾಡಿದರು. “ಕುಡಿತದಿಂದ ಆಗೋ ಮೊದಲನೇ ಲಾಭ, ಎಲ್ಲಾ ದುಃಖ ಮರೆತುಹೋಗುತ್ತೆ.”

ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಎಲ್ಲದಕ್ಕೂ ಎದುರು ಪ್ರಶ್ನೆ ಹಾಕುತ್ತಾಳೆಂದು ಶಾಲೆಯಲ್ಲಿ ಅವಳಿಗೆ ಲಾಯರ್ ಎಂದೇ ಹೆಸರು.

“ಯಾವ ದುಃಖ ಸಾರ್?”

ಮೇಷ್ಟ್ರು ತುಂಬ ಹೊತ್ತು ಯೋಚಿಸಿದರು. “ಈಗ... ನೆನಪಿಲ್ಲಮ್ಮ.”

“ಮರೆತುಹೋಗಿದೆ ಅಂದ್ರೆ ಕೆಲಸ ಮುಗೀತಲ್ಲ ಸಾರ್? ಮತ್ತೆ ದಿನಾ ಯಾಕೆ ಕುಡೀತೀರಿ?”

ತರಗತಿಯಲ್ಲಿ ಯಾರೂ ನಗಲಿಲ್ಲ. ಮಕ್ಕಳು ನಿಜವಾಗಿಯೂ ಉತ್ತರಕ್ಕೆ ಕಾದು ಕೂತಿದ್ದರು. ಮೇಷ್ಟ್ರು ಎರಡನೇ ಲಾಭಕ್ಕೆ ಹೋಗದೆ ಹೊರಗೆ ಬಂದರು. ಸಂಜೆ ವಿಸಿಲ್ ಊದಿ, ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ನೇರವಾಗಿ ಮನೆಗೆ ನಡೆದರು. ಬಾಗಿಲು ತೆರೆದ ಹೆಂಡತಿ ಗಾಬರಿಯಾಗಿ, “ಯಾಕೆ, ಮೈಗೆ ಹುಷಾರಿಲ್ವಾ?” ಎಂದು ಹಣೆ ಮುಟ್ಟಿ ನೋಡಿದರಂತೆ. ಆ ಸಂಜೆಯಿಂದ ಮೇಷ್ಟ್ರು ಕುಡಿಯಲಿಲ್ಲ. ಹೆಡ್‌ಮಿಸ್ಟ್ರೆಸ್ ಅಧಿಕಾರಿಗಳಿಗೆ ಫೋನು ಮಾಡಿ ಈ ಸುಧಾರಣೆಯನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ವಿಚಾರಿಸಿದಾಗ, ಮೇಷ್ಟ್ರು ವಿದ್ಯಾರ್ಥಿಯಲ್ಲದ ಕಾರಣ ಅವಕಾಶವಿಲ್ಲವೆಂದೂ, ಇಂಥ ಅನಧಿಕೃತ ಸುಧಾರಣೆಗಳು ಮರುಕಳಿಸದಂತೆ ನೋಡಿಕೊಳ್ಳಬೇಕೆಂದೂ ಉತ್ತರ ಬಂತು.

ವಾರ ಮುಗಿಯುತ್ತ ಬಂದರೂ ಒಂದು ಮಗುವೂ ಹಾಳಾಗಲಿಲ್ಲ. ಹೆಡ್‌ಮಿಸ್ಟ್ರೆಸ್ ಊಟ ಬಿಟ್ಟರು. ಶನಿವಾರ ಮಕ್ಕಳನ್ನೆಲ್ಲ ಮೈದಾನದಲ್ಲಿ ಕೂರಿಸಿ, ಮುಚ್ಚುಮರೆಯಿಲ್ಲದೆ ವಿಷಯ ಹೇಳಿದರು.

“ಕೈ ಎತ್ತದಿದ್ರೆ ಶಾಲೆ ಮುಚ್ಚುತ್ತೆ ಮಕ್ಕಳೇ.”

“ಅಂದ್ರೆ ಸುಳ್ಳು ಹೇಳ್ಬೇಕಾ ಟೀಚರ್?” ಲಾಯರ್ ಎದ್ದು ಕೇಳಿದಳು. “ಸುಳ್ಳು ಹೇಳಬಾರದು ಅಂತ ನೀವೇ ಹೇಳ್ಕೊಟ್ಟಿದ್ದು.”

ಹೆಡ್‌ಮಿಸ್ಟ್ರೆಸ್‌ಗೆ ತಾನು ಕಲಿಸಿದ್ದೇ ತನಗೆ ಅಡ್ಡ ನಿಂತಿದ್ದಕ್ಕೆ ಸಂಕಟವಾಯಿತು, ಅದು ಅಷ್ಟು ಗಟ್ಟಿಯಾಗಿ ನಿಂತಿದ್ದಕ್ಕೆ ಸಂತೋಷವೂ ಆಯಿತು. “ನಾನು ಹೇಳಿ ಅನ್ನಲ್ಲಮ್ಮ. ಹೇಳ್ಬೇಡಿ ಅಂತಾನೂ ಅನ್ನಲ್ಲ. ಮನೆಗೆ ಹೋಗಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಸೋಮವಾರ ಅಧಿಕಾರಿಗಳು ಬಂದು ಅದೇ ಪ್ರಶ್ನೆ ಕೇಳಿದರು. ಹೆಡ್‌ಮಿಸ್ಟ್ರೆಸ್ ನೆಲ ನೋಡುತ್ತಿದ್ದರು. ಲಾಯರ್ ಒಮ್ಮೆ ಎಂಟನೇ ತರಗತಿಯ ಪುಟಾಣಿಗಳ ಕಡೆ ನೋಡಿದಳು, ಒಮ್ಮೆ ಟೀಚರ್ ಕಡೆ ನೋಡಿದಳು. ತುಟಿ ಕಚ್ಚಿಕೊಂಡು ಕೈ ಎತ್ತಿದಳು. ಅವಳ ಹಿಂದೆಯೇ ಇಡೀ ಶಾಲೆ ಎತ್ತಿತು.

“ಅಬ್ಬಾ!” ಅಧಿಕಾರಿಗಳ ಕಣ್ಣರಳಿತು. “ಒಬ್ಬರೂ ಬಾಕಿ ಇಲ್ಲ! ಒಂದು ವಾರದಲ್ಲಿ ಇಷ್ಟು ಹಾಳು ಮಾಡಿರೋದನ್ನ ನನ್ನ ಸರ್ವೀಸ್‌ನಲ್ಲೇ ನೋಡಿಲ್ಲ ಮೇಡಂ!”

ಹೆಡ್‌ಮಿಸ್ಟ್ರೆಸ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಆ ಮಕ್ಕಳನ್ನೆಲ್ಲ ಒಂದೇ ಸಲಕ್ಕೆ ಅಪ್ಪಿಕೊಳ್ಳಬೇಕು ಅನ್ನಿಸುತ್ತಿತ್ತು. ಅಧಿಕಾರಿಗಳು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡು, “ಅಳ್ಬೇಡಿ, ಮಕ್ಕಳು ಇನ್ನೂ ಚಿಕ್ಕವ್ರು, ಸರಿ ಹೋಗ್ತಾರೆ” ಎಂದು ಸಮಾಧಾನಪಡಿಸಿದರು. ಮಧ್ಯಾಹ್ನ ಅವರ ಉಪನ್ಯಾಸ ಎಷ್ಟು ಪರಿಣಾಮಕಾರಿಯಾಗಿತ್ತೆಂದರೆ, ಮುಂದಿನ ಭೇಟಿಯಲ್ಲಿ ಕುಡಿತ ಒಳ್ಳೆಯದೆನ್ನುವ ಒಂದು ಕೈಯೂ ಉಳಿಯಲಿಲ್ಲ. ಹಿಂದೆ ಎಂದೂ ಕಂಡರಿಯದ ಈ ಸುಧಾರಣೆಯನ್ನು ಸಂಭ್ರಮಿಸಲು ಅಭಿಯಾನದ ಸಿಬ್ಬಂದಿ ಆ ಭೇಟಿಯ ದಿನವೇ ಸಂಜೆ ಅತಿಥಿಗೃಹದಲ್ಲಿ ಸೇರಿದರು. ಗ್ಲಾಸುಗಳು ತುಂಬಿದವು, ಖಾಲಿಯಾದವು, ಮತ್ತೆ ತುಂಬಿದವು. ಗೌರವ ಆಹ್ವಾನಿತರಾಗಿದ್ದ ಪಿ.ಟಿ. ಮೇಷ್ಟ್ರು ಬರೀ ನೀರು ಕುಡಿದದ್ದನ್ನು ಎಲ್ಲರೂ ಅಶಿಸ್ತು ಎಂದು ಪರಿಗಣಿಸಿದರು.

ಶಾಲೆ ಉಳಿಯಿತು. ಅಷ್ಟೇ ಅಲ್ಲ, ಮಾದರಿ ಶಾಲೆಯೂ ಆಯಿತು. ಸುಧಾರಿತ ವಿದ್ಯಾರ್ಥಿಗಳಿಗೆ ಕಾಲೇಜು ಪ್ರವೇಶದಲ್ಲಿ ಆದ್ಯತೆ ನೀಡತಕ್ಕದ್ದೆಂಬ ಹೊಸ ಆದೇಶ ಹೊರಬಿದ್ದ ಮೇಲಂತೂ ದೂರದೂರದ ತಂದೆತಾಯಂದಿರು ಗೇಟಿನ ಮುಂದೆ ಸಾಲುಗಟ್ಟಿದರು. ಹುಟ್ಟಿದಾಗಿನಿಂದ ಒಂದು ತೊಟ್ಟೂ ಮುಟ್ಟದ ತಮ್ಮ ಮಕ್ಕಳಿಗೆ ಭವಿಷ್ಯವೇ ಇಲ್ಲದಂತಾಯಿತೆಂದು ಗೋಳಾಡಿದರು. ಯಾರನ್ನೂ ನಿರಾಸೆಗೊಳಿಸುವುದು ಹೆಡ್‌ಮಿಸ್ಟ್ರೆಸ್ ಸ್ವಭಾವವಲ್ಲ. ಮೊದಲ ತಿಂಗಳು ಹಾಳು ಮಾಡಿ, ಎರಡನೇ ತಿಂಗಳು ಸರಿ ಮಾಡಿಕೊಡುವ ವ್ಯವಸ್ಥೆ ಅಷ್ಟು ಹೊತ್ತಿಗೆ ಅಲ್ಲಿ ಕ್ರಮಬದ್ಧವಾಗಿ ನಡೆಯುತ್ತಿತ್ತು.

ಪ್ರವೇಶದ ಕೊನೆಯ ದಿನ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ಬಂದಳು.

“ಹುಡುಗ ಕುಡೀತಾನಾ?” ಹೆಡ್‌ಮಿಸ್ಟ್ರೆಸ್ ವಾಡಿಕೆಯಂತೆ ಕೇಳಿದರು.

“ಇಲ್ಲ ಟೀಚರ್. ಆ ವಾಸನೆ ಕಂಡ್ರೇ ಓಡಿಹೋಗ್ತಾನೆ.” ತಾಯಿ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

“ಪರವಾಗಿಲ್ಲ, ಸೇರಿಸ್ಕೊಳ್ತೀವಿ. ಕೈ ಎತ್ತೋಕೆ ಬರುತ್ತಲ್ಲ?”

ಹುಡುಗ ಕೈ ಎತ್ತಿ ತೋರಿಸಿದ. ಸೀಟು ಖಾಯಂ ಆಯಿತು. ತಾಯಿ ಎದ್ದು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಮೆಲ್ಲನೆ ಕೇಳಿದಳು.

“ಟೀಚರ್, ಇವರಪ್ಪ ದಿನಾ ಕುಡೀತಾರೆ. ಅವರನ್ನೂ ಸೇರಿಸ್ಕೊಳ್ಳೋಕಾಗುತ್ತಾ?”

ಹೆಡ್‌ಮಿಸ್ಟ್ರೆಸ್ ಪ್ರವೇಶದ ಪುಸ್ತಕ ಮುಚ್ಚಿದರು. ನಿಯಮಗಳೆಲ್ಲ ಈಗ ಅವರಿಗೆ ಬಾಯಿಪಾಠವಾಗಿದ್ದವು.

“ಇಲ್ಲಮ್ಮ” ಎಂದರು. “ಈ ಯೋಜನೆ ಕುಡಿಯದೇ ಇರೋರಿಗೆ ಮಾತ್ರ.”

“ಹೌದಲ್ವಾ, ಅದೂ ಸರೀನೇ” ಎಂದು ತಾಯಿ ತಲೆಯಾಡಿಸಿ, ಮಗನನ್ನು ತರಗತಿಯ ಕಡೆ ಕರೆದುಕೊಂಡು ಹೋದಳು.