ಬನವಾಸಿ ಬಸ್ಸಿನ ತಗಡು ಬೋರ್ಡು

ಇಂದ,
ಕಾವ್ಯಶ್ರೀ ಕೋಂ ದಿ. ಚನ್ನಬಸವ, ಎಂ.ಎ. (ಭಾಷಾವಿಜ್ಞಾನ)
ಮರಾಠಿಕೊಪ್ಪ, ಶಿರಸಿ.

ಗೆ,
ಜಲೀಲ್ ಸಾಹೇಬರು,
ಮಾಲೀಕರು, ವ್ಯವಸ್ಥಾಪಕರು ಹಾಗೂ ಭಾನುವಾರದ ಚಾಲಕರು,
ಸುಹಾನಾ ಮೋಟಾರ್ ಸರ್ವಿಸ್ (ಒಟ್ಟು ಬಸ್ಸು: ಮೂರು), ಶಿರಸಿ.

ವಿಷಯ: ಬನವಾಸಿ ಬಸ್ಸಿಗೆ ಹಳೆಯ ತಗಡಿನ ಬೋರ್ಡನ್ನು ಮತ್ತೆ ಕಟ್ಟುವ ಹಾಗೂ ನಿರ್ವಾಹಕರು ತೊಂಬತ್ತು ಸೆಕೆಂಡು ಬಾಯಿ ಮುಚ್ಚಿಕೊಂಡಿರುವ ಕುರಿತು.

ಉಲ್ಲೇಖ: ತಮ್ಮ ನಿರ್ವಾಹಕ ಫರಾಜ್ ಅವರ ಮೌಖಿಕ ಸೂಚನೆ: "ಅಕ್ಕಾ, ನಂಗೆ ಹೇಳಿ ಏನಾಗ್ಬೇಕು? ಸಾಹೇಬ್ರಿಗೆ ಬರ್ದು ಕೊಡಿ."

ಮಾನ್ಯರೇ,

ಉಲ್ಲೇಖದ ಪ್ರಕಾರ ಬರೆದು ಕೊಡುತ್ತಿದ್ದೇನೆ.

1. ನನ್ನ ಪತಿ ಚನ್ನಬಸವ ತಮ್ಮ ಬನವಾಸಿ ಬಸ್ಸಿನಲ್ಲಿ ಆರು ವರ್ಷ ನಿರ್ವಾಹಕರಾಗಿದ್ದರು. ಕಳೆದ ವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಮನೆಯಲ್ಲಿ, ಚಹಾ ಕುಡಿಯುತ್ತ. ಬಸ್ಸಿನಲ್ಲಿ ಅಲ್ಲವಾದ ಕಾರಣ ತಮ್ಮ ಸಂಸ್ಥೆಯ ಮೇಲೆ ದೂರಿಲ್ಲ.

2. ಅವರ ತಾಯಿ ಗುರುಶಾಂತವ್ವ (61) ಪ್ರತಿ ಸೋಮವಾರ ಬನವಾಸಿಯ ತಂಗಿಯ ಮನೆಗೆ ಹೋಗುತ್ತಾರೆ. ಮಗನಿದ್ದಾಗ ಅವನ ಕೂಗು ಕೇಳಿ ಬಸ್ಸು ಹತ್ತುತ್ತಿದ್ದರು. ಆಮೇಲೆ ಬಸ್ಸಿನ ಎಡಗಡೆಯ ಡೆಂಟು ನೋಡಿ ಹತ್ತುತ್ತಿದ್ದರು. ಅಕ್ಟೋಬರಿನಲ್ಲಿ ತಾವು ಆ ಡೆಂಟು ತೆಗೆಸಿದಿರಿ. ಅದೇ ವಾರ ತಮ್ಮ ಯಲ್ಲಾಪುರದ ಬಸ್ಸಿಗೆ, ಎಡಗಡೆಯೇ, ಅಂಥದೇ ಡೆಂಟು ಬಿತ್ತು. ಆದ್ದರಿಂದ ಸದರಿಯವರು ಯಲ್ಲಾಪುರದಲ್ಲಿಳಿದು ಒಂದು ತಾಸು ತಂಗಿಯ ಮನೆ ಹುಡುಕಿದರು. ವಾಪಸು ಬಂದು, "ಊರು ಬಾಳ ಸುಧಾರಿಸೇತಿ, ಕಾವ್ಯಾ. ತಂಗೀನ ಎಲ್ಲಿಟ್ಟಾರೋ ಗೊತ್ತಾಗ್ಲಿಲ್ಲ" ಎಂದು ವರದಿ ಮಾಡಿದರು.

3. ನನಗೆ ಮಂಚಿಕೇರಿಯ ಒಂದು ಶಾಲೆಯಲ್ಲಿ, ಓದಲು ತಡವರಿಸುವ ಮಕ್ಕಳಿಗೆ ಓದು ಕಲಿಸುವ ಕೆಲಸ ಸಿಕ್ಕಿದೆ. ಅಲ್ಲೇ ಉಳಿಯಬೇಕು. ಜುಲೈ 10ರೊಳಗೆ ಸೇರದಿದ್ದರೆ ಆದೇಶ ರದ್ದು. ಅತ್ತೆಯವರ ಆದೇಶ ಬೇರೆ ಇದೆ: "ನಾ ಒಬ್ಬಾಕಿನ, ಯಾರನ್ನೂ ಕೇಳದ, ಬಸ್ ಓದಿ ಹತ್ತತೀನಲ್ಲ, ಅವತ್ತ ನೀ ಗಂಟು ಕಟ್ಟು. ಅಲ್ಲೀತನಕ ಎಲ್ಲಿಗೂ ಬಿಡಂಗಿಲ್ಲ." ಈ ಆದೇಶಕ್ಕೆ ಮೇಲ್ಮನವಿ ಇಲ್ಲ.

4. ಕಾರಣ, ನವೆಂಬರಿನಿಂದ ಪಾಠ ಶುರು ಮಾಡಿದೆ. ಸದರಿಯವರು ಹಿಂದೆ ಸಾಕ್ಷರತಾ ತರಗತಿಗೆ ಹೋಗಿದ್ದರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದೂ ಹನ್ನೆರಡು ಪಾಠ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಪ್ರಮಾಣಪತ್ರವಿದೆ. ಓದು ಇರಲಿಲ್ಲ. ಹಾಗಾಗಿ ಮೊದಲಿನಿಂದ ಬಂದೆವು: ಮೊದಲು ಒಂದು ದನಿ, ಆ ದನಿಗೆ ಒಂದು ಅಕ್ಷರ, ಅಕ್ಷರಕ್ಕೆ ಅಕ್ಷರ ಕೂಡಿಸಿ ಪದ. ಬ, ನ, ವ, ಸ ಮೊದಲು. ಆಮೇಲೆ ಉಳಿದವು, ಕಾಗುಣಿತ. ಒತ್ತಕ್ಷರ ಬಾಕಿ. ನಿಯಮ ಎರಡೇ: ಊಹಿಸಬಾರದು, ಬೇರೆಯವರು ಹೇಳಿಕೊಡಬಾರದು. ಸದರಿಯವರು ನಿಯಮಗಳನ್ನು ನನಗಿಂತ ಗಟ್ಟಿಯಾಗಿ ಹಿಡಿದಿದ್ದಾರೆ. ಮೊನ್ನೆ ನಾನು "ಮಳೆ ಬರುವ ಹಾಗಿದೆ" ಎಂದಾಗ "ಊಹಿಸಬ್ಯಾಡ" ಎಂದರು.

5. ಮೇ ತಿಂಗಳಲ್ಲಿ ತಾವು ಬಸ್ಸಿಗೆ ದೀಪದ ಬೋರ್ಡು ಹಾಕಿಸಿದಿರಿ. ಅದರಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ. ಊರಿನ ಹೆಸರು ಹೋದ ಮೇಲೆ ತಮ್ಮ ಭಾವಮೈದುನರ ಹೋಟೆಲಿನ ಜಾಹೀರಾತು ಬರುತ್ತದೆ. ಮೊದಲ ಸೋಮವಾರ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಫರಾಜ್: "ಬನ್ವಾಸಿ ಬನ್ವಾಸಿ ಬನ್ವಾಸೀ! ಅವ್ವಾ, ಹತ್ರೀ."

ಅತ್ತೆ: "ಬಾಯಿ ಮುಚ್ಚೋ. ಓದಾಕತ್ತೀನಿ."

"ಓದೋದೇನ್ರೀ, ನಾನೇ ಹೇಳ್ತಾ ಇದೀನಲ್ಲ!"

"ನೀ ಹೇಳಿದ್ರ ಅದು ನಿನ್ನ ಓದಾತು. ನಂದಲ್ಲ."

ಹಿಂದಿನ ಸೀಟಿನಿಂದ ದ್ಯಾಮಪ್ಪ ಎಂಬವರು: "ಯವ್ವಾ, ಪರೀಕ್ಷಿ ಸಂಜಿಮುಂದ ಬರಿಯಂತಿ, ಈಗ ಏರು!"

ಅತ್ತೆಯವರು ಬ, ನ ಎಂದು ಕೂಡಿಸುವಷ್ಟರಲ್ಲಿ ಉಳಿದದ್ದು ಗಾಜಿನ ಆಚೆ ಹೋಗಿತ್ತು. ಮುಂದೆ ಬಂದದ್ದನ್ನು ಬಿಡಲಿಲ್ಲ. "ಬಿ... ರಿ... ಯಾ... ನಿ. ಬಿರಿಯಾನಿ!" ಅರವತ್ತೊಂದು ವರ್ಷಗಳಲ್ಲಿ ಅವರು ಯಾರ ನೆರವಿಲ್ಲದೆ ಓದಿದ ಮೊದಲ ಪದ. ವಿಭೂತಿ ಹಚ್ಚಿಕೊಂಡಿದ್ದರು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಅರ್ಥ ತಿಳಿದ ಮೇಲೆ ಸದರಿಯವರು ಎರಡು ಹೆಜ್ಜೆ ಹಿಂದೆ ಸರಿದರು. "ಈ ಬಸ್ಸು ಬಿರಿಯಾನಿಗೆ ಹೊಂಟೇತಿ. ನಾ ಒಲ್ಲೆ."

ಬಸ್ಸು ಹೋಯಿತು. ಅಂದಿನಿಂದ ಪ್ರತಿ ಸೋಮವಾರ ನಾನೇ ಕೈಹಿಡಿದು ಹತ್ತಿಸುತ್ತಿದ್ದೇನೆ. ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ಅತ್ತೆಯವರೇ ತೀರ್ಮಾನಿಸಿದ್ದಾರೆ.

6. ಹಳೆಯ ತಗಡಿನ ಬೋರ್ಡು ತಮ್ಮ ಶೆಡ್ಡಿನಲ್ಲಿ, ಹಳೆ ಟಯರುಗಳ ಹಿಂದೆ ಇದೆ. ತಪಾಸಣೆಗಾಗಿ ನಾಲ್ಕು ಸಲ ಹೋಗಿ ನೋಡಿದ್ದೇನೆ. ಚನ್ನಬಸವ ಹಸಿರು ಬಣ್ಣದಲ್ಲಿ ಸ್ವತಃ ಬರೆದದ್ದು. ಮೊದಲ ಅಕ್ಷರವನ್ನು ಉತ್ಸಾಹದಲ್ಲಿ ದೊಡ್ಡದು ಮಾಡಿ, ಕೊನೆಯದಕ್ಕೆ ಜಾಗ ಸಾಲದೆ ಅಂಚಿಗೆ ತುರುಕಿದ್ದಾರೆ. ಆದರೆ ಅಕ್ಷರಗಳು ಓಡುವುದಿಲ್ಲ. ಆದ್ದರಿಂದ ಹೊಸ ಓದುಗರಿಗೆ ಸೂಕ್ತ. ಕೆಳಗಿನ ಎಡಮೂಲೆಯಲ್ಲಿ ಹಸಿರು ಹೆಬ್ಬೆರಳಿನ ಗುರುತಿದೆ. ಅದನ್ನು ಒರೆಸಬಾರದು. ಪಾಠಕ್ಕೆ ಅದರ ಅಗತ್ಯವಿದೆ.

ಆದ ಕಾರಣ,

(ಅ) ಸದರಿ ತಗಡನ್ನು ಬನವಾಸಿ ಬಸ್ಸಿನ ಮುಂಭಾಗಕ್ಕೆ ಮತ್ತೆ ಕಟ್ಟಬೇಕು;

(ಆ) ಸದರಿಯವರು ಓದಿ ಮುಗಿಸುವ ತೊಂಬತ್ತು ಸೆಕೆಂಡು ಫರಾಜ್ ಉತ್ತರವನ್ನು ಕೂಗಬಾರದು, ದ್ಯಾಮಪ್ಪನವರಿಗೂ ತಿಳಿಹೇಳಬೇಕು

ಎಂದು ಕೋರುತ್ತೇನೆ.

ತಮ್ಮ ವಿಶ್ವಾಸಿ, ಮೂರನೇ ಸಾಲಿನ ಕಿಟಕಿ ಪಕ್ಕದ ಕಾಯಂ ಪ್ರಯಾಣಿಕಳು,
ಕಾವ್ಯಶ್ರೀ

ಲಗತ್ತುಗಳು:
1. ಈವರೆಗೆ ಕಲಿಸಿದ ಅಕ್ಷರಗಳ ಪಟ್ಟಿ.
2. ತಲೆಕೆಳಗಾದ ಓದಿಗೆ ದೊರೆತ ಪ್ರಮಾಣಪತ್ರದ ನಕಲು.
3. ಗುರುಶಾಂತವ್ವನವರು ಈ ಅರ್ಜಿಯನ್ನು ಮೇಜಿನ ಮೇಲಿಂದ ಎತ್ತಿಕೊಂಡು, ಕಲಿತಷ್ಟು ಅಕ್ಷರ ಕೂಡಿಸಿ ಓದಿ, ಲಕೋಟೆಯಲ್ಲಿಟ್ಟ ಚೀಟಿ. ಪ್ರತಿ ಹೀಗಿದೆ:

"ಜಲೀಲ ಸಾಹೇಬರಿಗೆ. ಮೇಲಿಂದು ನಾನ ಓದೀನಿ. ಬಿರಿಯಾನಿ ಮಾತು ತೆಗೀರಿ. ಓಡೂ ಬೋರಡು ಓದಾಕ ಬಂದು ಮೂರು ವಾರ ಆತು. ಹೇಳಿದರ ಸೊಸಿ ಹೋಗತಾಳ ಅಂತ ಹೇಳದ ಕೂತೆ. ಈಗ ಹೋಗಲಿ. ತಗಡು ನನಗ ಬೇಡ. ಆಕಿಗೆ ಬೇಕು. ಕೇಳಾಕ ಆಕಿಗೆ ಬಾಯಿ ಏಳದು. ಕೊಡರಿ."

ಒತ್ತಕ್ಷರ ಇನ್ನೂ ಕಲಿಸಿಲ್ಲವಾದ ಕಾರಣ ಒಂದನ್ನೂ ಬಳಸಿಲ್ಲ. ಲಕೋಟೆ ಅಂಟಿಸುವ ಮೊದಲು ಓದಿದೆ. ತಿದ್ದಿಲ್ಲ.

ಆದ್ದರಿಂದ ಬೇಡಿಕೆ (ಅ) ಅನ್ನು ಕೈಬಿಡಲಾಗಿದೆ. ಅದರ ಬದಲು, ಬರುವ ಶುಕ್ರವಾರ ಬೆಳಗಿನ ಯಲ್ಲಾಪುರ ಬಸ್ಸಿನಲ್ಲಿ ಮಂಚಿಕೇರಿಯವರೆಗೆ ಎರಡು ಸೀಟು ಕಾಯ್ದಿರಿಸಬೇಕಾಗಿ ವಿನಂತಿ. ಕಿಟಕಿ ಪಕ್ಕದ್ದು ತಗಡಿಗೆ. ನನಗೆ ಅದರ ಪಕ್ಕದ್ದು ಸಾಕು.