ನನ್ನ ಕೈಗೆ ನಿಲ್ಲದ ಬಸ್ಸು

ಮನುಷ್ಯನಿಗೆ ಎರಡು ಕೈಗಳಿವೆ ಎಂದು ನಾವೆಲ್ಲ ನಂಬಿಕೊಂಡಿರುತ್ತೇವೆ. ನನ್ನ ಅನುಭವದಲ್ಲಿ ಇರುವುದು ಒಂದೇ. ಇನ್ನೊಂದು ಅದರ ಜೊತೆಗೆ ಸುಮ್ಮನೆ ತಿರುಗಾಡುತ್ತಿರುತ್ತದೆ. ಫ್ಯಾನಿನ ಧೂಳು ಒರೆಸಲು ಸ್ಟೂಲ್ ಹತ್ತಿ, ಧೂಳಿಗಿಂತ ಮೊದಲು ನಾನೇ ಕೆಳಗೆ ಬಂದು ಬಲಭುಜಕ್ಕೆ ಪೆಟ್ಟು ಮಾಡಿಕೊಂಡಾಗ ನನಗೆ ಈ ಜ್ಞಾನೋದಯವಾಯಿತು. ಎಡಗೈಯಲ್ಲಿ ಚಮಚ ಹಿಡಿದರೆ ಸಾರು ಮೀಸೆಗೆ ಹೋಗುತ್ತಿತ್ತು, ಹಲ್ಲುಜ್ಜಿದರೆ ಪೇಸ್ಟು ಗಲ್ಲಕ್ಕೆ. ಅದನ್ನೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಬಸ್ಸಿನ ವಿಷಯ.

ನಮ್ಮದು ಮಸೂತಿ ಎಂಬ ಊರಿನ ಹತ್ತಿರ, ರಸ್ತೆಗೆ ಹತ್ತಿಕೊಂಡ ಮನೆ. ನಾನು ಮೇಷ್ಟರಾಗಿರುವುದು ಬಾಗೇವಾಡಿಯ ಹೈಸ್ಕೂಲಿನಲ್ಲಿ. ಮನೆಯೆದುರು ಸ್ಟಾಪ್ ಇಲ್ಲ. ಕೈ ಎತ್ತಿದರೆ ಬಸ್ಸು ನಿಲ್ಲುತ್ತದೆ, ಅಷ್ಟೇ. ಆದರೆ ಆ ಕೈ ತಲೆಯ ಮೇಲೆ ಹೋಗಬೇಕು. ಸೊಂಟದ ಹತ್ತಿರ ಅಲ್ಲಾಡುವ ಕೈಗೆ ಯಾವ ಡ್ರೈವರನೂ ಬ್ರೇಕ್ ಹಾಕುವುದಿಲ್ಲ. ಎಡಗೈ ಎತ್ತಿ ನೋಡಿದೆ. ಅಭ್ಯಾಸವಿಲ್ಲದ ಆ ಕೈ ಕಿವಿ ತುರಿಸಿಕೊಳ್ಳುವಂತೆ ಕಂಡಿತೇನೋ, ಬಸ್ಸು ಧೂಳು ಎಬ್ಬಿಸಿಕೊಂಡು ಹೊರಟೇ ಹೋಯಿತು. ಕೊನೆಗೆ ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನನ್ನ ಪರವಾಗಿ ಕೈ ಎತ್ತತೊಡಗಿದಳು. ಬಸ್ಸು ಗಕ್ಕನೆ ನಿಲ್ಲುತ್ತಿತ್ತು. ನಾನು ತಲೆ ತಗ್ಗಿಸಿ ಹತ್ತುತ್ತಿದ್ದೆ. ಒಳಗಿದ್ದ ನನ್ನದೇ ವಿದ್ಯಾರ್ಥಿಗಳು, ತಾಯಿಯೊಬ್ಬಳು ಮಗುವನ್ನು ಬಾಲವಾಡಿಗೆ ಕಳಿಸುವುದನ್ನು ನೋಡಿದಂತೆ ನೋಡುತ್ತಿದ್ದರು. ನನಗೆ ವಿಪರೀತ ಅವಮಾನವಾಗುತ್ತಿತ್ತು. ನೋವು ಹೋಗಲಿ ಬಿಡಲಿ, ಬಸ್ಸು ನನ್ನ ಕೈಗೇ ನಿಲ್ಲಬೇಕು ಎಂದು ಪಣ ತೊಟ್ಟು ಫಿಸಿಯೋಥೆರಪಿಗೆ ಹೋದೆ.

ಅಲ್ಲಿದ್ದವಳು ಚಡಚಣದ ಕಡೆಯ ಹುಡುಗಿ. ಬಹಳ ಪ್ರೀತಿಯಿಂದ ಕಾಕಾ ಎಂದು ಕರೆದು, ನೋವಾದರೆ ಹೇಳಬೇಕೆಂದು ತಾಕೀತು ಮಾಡಿ ಕೈ ಎತ್ತಿದಳು. ನೋವಾಯಿತು, ಹೇಳಿದೆ. "ಹಾಂ, ಹಂಗ ಆಗಬೇಕ್ರಿ ಕಾಕಾ" ಎಂದು ಇನ್ನಷ್ಟು ಎತ್ತಿದಳು. ಹೇಳಿಸಿಕೊಳ್ಳುವುದು ಬರೀ ಅವಳ ಸಮಾಧಾನಕ್ಕೆ ಎಂದು ಆಗ ತಿಳಿಯಿತು. ಮನೆಯಲ್ಲಿ ಮಾಡಲು ವ್ಯಾಯಾಮಗಳನ್ನೂ ಕೊಟ್ಟಳು. ಬಾಗಿಲಿಗೆ ಗಡಗಡಿ ಕಟ್ಟಿ ಹಗ್ಗ ಜಗ್ಗಬೇಕು. ಥೇಟ್ ಬಾವಿಯ ನೀರು ಸೇದಿದ ಹಾಗೆ, ನೀರು ಮಾತ್ರ ಕಣ್ಣಲ್ಲಿ ಬರುತ್ತದೆ. ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸಬೇಕು. ಹೊಸ ಬಣ್ಣದ ಗೋಡೆಯ ಮೇಲೆ ಬೆರಳಿನ ಗುರುತುಗಳು ಮೂಡತೊಡಗಿದ ಮೇಲೆ ಹೆಂಡತಿ ನನ್ನನ್ನು ವ್ಯಾಯಾಮದ ಸಮೇತ ಹೊರಗೆ ಹಾಕಿದಳು. ರಸ್ತೆ ಬದಿಯ ಬೇವಿನ ಮರವನ್ನು ಹಿಡಿದೆ.

ಒಂದು ಭಾನುವಾರ ಬೆಳಿಗ್ಗೆ ಲುಂಗಿ, ಬನಿಯನ್ನಿನಲ್ಲಿ ಮರದೆದುರು ನಿಂತಿದ್ದೆ. ಬೆರಳುಗಳು ಏರುತ್ತ ಏರುತ್ತ ಕಿವಿ ದಾಟಿದವು, ತಲೆಯನ್ನೂ ದಾಟಿದವು. ಖುಷಿ ತಡೆಯಲಾಗದೆ ಮರವನ್ನು ಬಿಟ್ಟು, ರಸ್ತೆಯ ಕಡೆ ತಿರುಗಿ, ಕೈಯನ್ನು ಗಾಳಿಯಲ್ಲೇ ಎತ್ತಿ ಹಿಡಿದೆ. ಬಾಗೇವಾಡಿ ಬಸ್ಸು ಬಂದು ನನ್ನ ಮುಂದೆ ನಿಂತಿತು.

"ಬರ್ರಿ ಸರ, ಇವತ್ತ ವೈನಿಯವ್ರು ಬಂದಿಲ್ಲೇನ್ರಿ?" ಎಂದ ಡ್ರೈವರ್.

ಇಷ್ಟು ದಿನಗಳ ಮೇಲೆ ನನ್ನ ಕೈಗೆ ನಿಂತ ಬಸ್ಸಿಗೆ, ಇದು ಬರೀ ವ್ಯಾಯಾಮ ಎಂದು ಯಾವ ಬಾಯಿಂದ ಹೇಳಲಿ? ಅದೂ ಬಸ್ಸಿನ ತುಂಬ ಜನ ಕತ್ತು ಹೊರಗೆ ಹಾಕಿ ನೋಡುತ್ತಿರುವಾಗ? ಹತ್ತಿಬಿಟ್ಟೆ. ಕಿಟಕಿಯ ಪಕ್ಕ ಕೂತು, ಯಾರಾದರೂ ಅಭಿನಂದಿಸುತ್ತಾರೇನೋ ಎಂದು ಸುತ್ತಲೂ ನೋಡಿದೆ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದಾಗಲೇ ಬನಿಯನ್ನಿಗೆ ಜೇಬು ಇರುವುದಿಲ್ಲವೆಂಬುದು ನೆನಪಾದದ್ದು. ಆತ ನನ್ನ ಲುಂಗಿಯಿಂದ ಮುಖದವರೆಗೆ ಒಮ್ಮೆ ನೋಡಿ, ಬಸ್ಸು ನಿಲ್ಲಿಸಲು ಸೀಟಿ ಊದಿದ. ತೊಗರಿ ಹೊಲವೊಂದರ ಪಕ್ಕ ಇಳಿದು, ಎದುರು ಸಿಕ್ಕವರಿಗೆಲ್ಲ ವಾಕಿಂಗ್ ಎಂದು ಹೇಳುತ್ತ ಮನೆಗೆ ನಡೆದು ಬಂದೆ.

ಹೆಂಡತಿ ಎಲ್ಲವನ್ನೂ ಪೂರ್ತಿ ಕೇಳಿದಳು. ನನ್ನ ಕೈ ಎತ್ತಿಸಿ ನೋಡಿದಳು. ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ಆಮೇಲೆ, "ಬಸ್ ನಿಲ್ಲಿಸೂದು ಕಲ್ತ್ರಿ. ಇನ್ನ ಹೋಗಂತ ಹೇಳೂದು ಯಾವಾಗ ಕಲೀತೀರಿ?" ಎಂದಳು.

ಅದು ಈ ಜನ್ಮಕ್ಕೆ ಆಗುವ ಮಾತಲ್ಲ ಎಂದು ನನಗೆ ಗೊತ್ತು. ಹಾಗಾಗಿ ಈಗ ಭಾನುವಾರವೂ ವ್ಯಾಯಾಮಕ್ಕೆ ಪ್ಯಾಂಟು, ಅಂಗಿ ತೊಟ್ಟು, ಜೇಬಿನಲ್ಲಿ ಬಸ್ ಚಾರ್ಜು ಇಟ್ಟುಕೊಂಡೇ ಹೋಗುತ್ತೇನೆ.